ಒಂದೇ ಸಂಕೇತ, ಹೊತ್ತಿಗೊಂದು ಅರ್ಥ: ಭ್ರೂಣದ ಶ್ವಾಸಕೋಶದಲ್ಲಿ ಜೀವಕೋಶ ದಾರಿ ಹಿಡಿಯುವ ಬಗೆ

ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಬರುವ ಗರ್ಭಿಣಿಗೆ ಮೊದಲು ಸಿಗುವ ಔಷಧಗಳಲ್ಲಿ ಒಂದು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್. ಸಲಕ್ಕೆ 6 ಮಿಲಿಗ್ರಾಂ, 12 ಗಂಟೆಗೊಮ್ಮೆ, ಒಟ್ಟು ನಾಲ್ಕು ಚುಚ್ಚುಮದ್ದು. 24ರಿಂದ 34 ವಾರಗಳ ನಡುವೆ ಹೆರಿಗೆಯಾಗುವ ಸಂಭವವಿದ್ದರೆ ಇದನ್ನು ಕೊಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. ಏಕೆಂದು ಕೇಳಿದರೆ ವಾರ್ಡಿನ ಸಿಸ್ಟರ್ ಹೇಳುವುದು ಇಷ್ಟು: "ಮಗುವಿನ ಶ್ವಾಸಕೋಶ ಬಲಿಯಲಿ ಎಂದು."

ಉತ್ತರ ಸರಿಯಾಗಿಯೇ ಇದೆ. ಆದರೆ ಶ್ವಾಸಕೋಶ ಬಲಿಯುವುದು ಎಂದರೇನು? ಕಾಯಿ ಬಲಿತು ಹಣ್ಣಾಗುವ ಹಾಗೆ ಇಡೀ ಅಂಗ ಒಟ್ಟಿಗೆ ಮಾಗುತ್ತದೆಯೇ? ಇಲ್ಲ. ಕೆಲವು ಜೀವಕೋಶಗಳು ಚಪ್ಪಟೆಯಾಗುತ್ತವೆ, ಕೆಲವು ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ದ್ರವವನ್ನು ತಯಾರಿಸಲು ತೊಡಗುತ್ತವೆ, ನಡುವಿನ ಗೋಡೆ ತೆಳುವಾಗುತ್ತದೆ. ತಾಯಿಗೆ ಕೊಟ್ಟ ಮದ್ದು ಮಗುವಿನ ಯಾವ ಜೀವಕೋಶಕ್ಕೆ ಏನು ಹೇಳುತ್ತದೆ ಎಂದು ಇಲಿಗಳಲ್ಲಿ ಹುಡುಕಿಕೊಂಡು ಹೋದವರಿಗೆ ಸಿಕ್ಕ ಉತ್ತರ ವಿಚಿತ್ರವಾಗಿತ್ತು. ಸರ್ಫ್ಯಾಕ್ಟಂಟ್ ತಯಾರಿಸುವ ಜೀವಕೋಶಗಳಲ್ಲಿ ಸ್ಟೀರಾಯ್ಡ್ ಗ್ರಾಹಕವನ್ನು, ಅಂದರೆ ಸ್ಟೀರಾಯ್ಡಿನ ಸಂಕೇತವನ್ನು ಹಿಡಿಯುವ ಪ್ರೋಟೀನನ್ನು, ತೆಗೆದುಹಾಕಿದರೂ ಮರಿಗಳು ಬಹುಮಟ್ಟಿಗೆ ಬದುಕಿದವು. ಸುತ್ತಲಿನ ಸಡಿಲ ಅಂಗಾಂಶದಲ್ಲಿ ತೆಗೆದುಹಾಕಿದಾಗ ಮಾತ್ರ ಉಸಿರಾಡಲಾಗದೆ ಸತ್ತವು. ಅಂದರೆ ಮದ್ದು ಮುಖ್ಯವಾಗಿ ಮಾತನಾಡಿದ್ದು ನೆರೆಮನೆಯವರೊಂದಿಗೆ. ಸುದ್ದಿಯನ್ನು ಒಳಗೆ ದಾಟಿಸಿದವರು ಅವರು.

ಶ್ವಾಸಕೋಶ ರೂಪುಗೊಳ್ಳುವ ಕಥೆಯ ತುಂಬ ಇದೇ ನಡೆಯುತ್ತದೆ. 2020ರ ಒಂದೇ ವರ್ಷ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮೊದಲೇ ಹುಟ್ಟಿದವು. ಜಗತ್ತಿನ ಅಂಥ ಜನನಗಳಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು. ಇದನ್ನು ನೋಡಿದರೆ, ಈ ನೆರೆಹೊರೆಯ ಮಾತುಕತೆ ಪ್ರಯೋಗಾಲಯದವರ ಕುತೂಹಲವಾಗಿ ಮಾತ್ರ ಉಳಿದಿಲ್ಲ.

ಗರ್ಭದ ನಾಲ್ಕನೆಯ ವಾರ. ಮುಂದೆ ಅನ್ನನಾಳ, ಜಠರ ಎಲ್ಲ ಆಗಬೇಕಾದ ಒಂದು ಸರಳ ಕೊಳವೆ ಭ್ರೂಣದ ಒಳಗೆ ಉದ್ದಕ್ಕೂ ಚಾಚಿಕೊಂಡಿರುತ್ತದೆ. ಅದರ ಹೊಟ್ಟೆಯ ಕಡೆಯ ಗೋಡೆಯಲ್ಲಿ ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು ಜೀವಕೋಶಗಳು ಎನ್‌ಕೆಎಕ್ಸ್2-1 ಎಂಬ ಜೀನನ್ನು ಎಚ್ಚರಿಸಿಕೊಳ್ಳುತ್ತವೆ. ಶ್ವಾಸಕೋಶದ ಮೊದಲ ಗುರುತು ಇದು. ಆಗಿನ್ನೂ ಮೊಗ್ಗು ಕೂಡ ಮೂಡಿರುವುದಿಲ್ಲ. ಬೆನ್ನಿನ ಕಡೆಯ ಗೋಡೆಯಲ್ಲಿರುವ, ಅದೇ ಜೀನುಗಳನ್ನು ಹೊತ್ತ ಜೀವಕೋಶಗಳು ಸುಮ್ಮನಿದ್ದು ಅನ್ನನಾಳವಾಗುತ್ತವೆ. ಇವೆರಡರ ನಡುವಿನ ಬೇರ್ಪಡೆ ಸರಿಯಾಗಿ ಆಗದಿದ್ದರೆ ಏನಾಗುತ್ತದೆ ಎಂಬುದನ್ನು ಮಕ್ಕಳ ಶಸ್ತ್ರವೈದ್ಯರು ಬಲ್ಲರು. ಕೆಲವು ಸಾವಿರ ಜನನಗಳಿಗೊಂದರಂತೆ ಅನ್ನನಾಳವೂ ಶ್ವಾಸನಾಳವೂ ಒಂದಕ್ಕೊಂದು ಕೂಡಿಕೊಂಡೇ ಮಗು ಹುಟ್ಟುತ್ತದೆ, ಕುಡಿಸಿದ ಹಾಲು ಉಸಿರಿನ ದಾರಿಗೆ ಇಳಿಯುತ್ತದೆ.

ಹೊಟ್ಟೆಯ ಕಡೆಯವಕ್ಕೆ ಮಾತ್ರ ಎಚ್ಚರಿಕೆ ಕೊಟ್ಟವರು ಯಾರು? ಆ ಬದಿಗೆ ಒತ್ತಿಕೊಂಡಿರುವ ಅಂಗಾಂಶ. ಅದು ವಿಂಟ್ ಎಂಬ ಕುಟುಂಬದ ಎರಡು ಪ್ರೋಟೀನುಗಳನ್ನು, ವಿಂಟ್2 ಮತ್ತು ವಿಂಟ್2ಬಿ, ಹೊರಸೂಸುತ್ತದೆ. 2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಡ್ವರ್ಡ್ ಮಾರಿಸಿ ಅವರ ತಂಡ ಎರಡೂ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿತು. ಶ್ವಾಸಕೋಶ ಚಿಕ್ಕದಾಗಿರಲಿಲ್ಲ, ವಿಕಾರವಾಗಿರಲಿಲ್ಲ, ಇರಲೇ ಇಲ್ಲ. ಬಿಎಂಪಿ4 ಎಂಬ ಇನ್ನೊಂದು ಸಂಕೇತದ ಕೆಲಸ ಬೇರೆ. ಅನ್ನನಾಳದ ಕಡೆಗೆ ಎಳೆಯುವ ಸಾಕ್ಸ್2 ಜೀನನ್ನು ಅದು ತಗ್ಗಿಸುತ್ತದೆ. ಒಂದು ಹೌದು ಎನ್ನುತ್ತದೆ, ಮತ್ತೊಂದು ಎದುರಾಳಿಯ ಬಾಯಿ ಮುಚ್ಚಿಸುತ್ತದೆ.

ಎನ್‌ಕೆಎಕ್ಸ್2-1ರ ಹೆಸರನ್ನು ನಮ್ಮಲ್ಲಿ ಎಷ್ಟೋ ಮನೆಯವರು ತಿಳಿಯದೆಯೇ ಓದಿರುತ್ತಾರೆ. ಶ್ವಾಸಕೋಶದ ಕ್ಯಾನ್ಸರ್ ಎಂಬ ಅನುಮಾನದಿಂದ ಬಯಾಪ್ಸಿ ಮಾಡಿಸಿದಾಗ ವರದಿಯಲ್ಲಿ 'ಟಿಟಿಎಫ್-1 ಪಾಸಿಟಿವ್' ಎಂದು ಬರೆದಿರುತ್ತದಲ್ಲ, ಅದೂ ಇದೂ ಒಂದೇ. ಗಡ್ಡೆ ಶ್ವಾಸಕೋಶದಲ್ಲೇ ಹುಟ್ಟಿದ್ದೋ ಬೇರೆಲ್ಲಿಂದಲೋ ಬಂದದ್ದೋ ಎಂದು ತೀರ್ಮಾನಿಸಲು ರೋಗಶಾಸ್ತ್ರಜ್ಞರು ನಾಲ್ಕನೆಯ ವಾರದ ಆ ಹಳೆಯ ಗುರುತನ್ನೇ ಹುಡುಕುತ್ತಾರೆ. ಥೈರಾಯ್ಡ್ ಗ್ರಂಥಿಯಲ್ಲೂ ಅದೇ ಗುರುತು ಇರುವುದರಿಂದ ಒಮ್ಮೊಮ್ಮೆ ಇನ್ನೊಂದು ಪರೀಕ್ಷೆಯೂ ಬೇಕಾಗುತ್ತದೆ.

ನೆರೆಯ ಮಾತಿಗೆ ಎಷ್ಟು ಬಲವಿದೆ ಎಂಬುದನ್ನು ತೋರಿಸಿದ ಪ್ರಯೋಗ ಬಹಳ ಹಳೆಯದು. ಜೀನ್ ತಿದ್ದುವ ಯಾವ ವಿದ್ಯೆಯೂ ಇಲ್ಲದ 1962ರಲ್ಲಿ ಅಲೆಶಿಯೊ ಮತ್ತು ಕಸೀನಿ ಎಂಬ ಇಬ್ಬರು ಇಲಿಯ ಭ್ರೂಣದಿಂದ ಪುಟ್ಟ ಶ್ವಾಸನಾಳವನ್ನು ಬಿಡಿಸಿ ತೆಗೆದು, ಅದರ ಒಂದು ಬದಿಯ ಹೊರ ಅಂಗಾಂಶವನ್ನು ಕೆರೆದು ಹಾಕಿದರು. ಬರಿದಾದ ಆ ಜಾಗಕ್ಕೆ ಶ್ವಾಸಕೋಶದ ತುದಿಯ ಸುತ್ತಲಿನ ಅಂಗಾಂಶದ ಚೂರೊಂದನ್ನು ಅಂಟಿಸಿದರು. ಶ್ವಾಸನಾಳ ನೆಟ್ಟಗಿನ ಕೊಳವೆ. ಅಲ್ಲಿ ಕವಲೊಡೆಯುವ ಪದ್ಧತಿಯೇ ಇಲ್ಲ. ಆದರೂ ಅಂಟಿಸಿದ ಜಾಗದಿಂದಲೇ ಹೊಸ ಮೊಗ್ಗು ಹೊರಟಿತು. ದಶಕಗಳ ನಂತರ ಬೇರೆಯವರು ಇದನ್ನೇ ಮುಂದುವರಿಸಿದಾಗ ಆ ಮೊಗ್ಗಿನ ಜೀವಕೋಶಗಳು ಸರ್ಫ್ಯಾಕ್ಟಂಟ್ ಪ್ರೋಟೀನನ್ನೂ ತಯಾರಿಸಿದವು. ಶ್ವಾಸನಾಳದ ಒಳಹಾಸಾಗಬೇಕಿದ್ದ ಜೀವಕೋಶ ನೆರೆ ಬದಲಾದ ಕಾರಣಕ್ಕೆ ಶ್ವಾಸಕೋಶದ ತುದಿಯ ಪುಟ್ಟ ಗಾಳಿಗೂಡಿನ ಕೆಲಸಕ್ಕೆ ಇಳಿದಿತ್ತು. ಈ ವಿಷಯದಲ್ಲಿ ಇಷ್ಟು ಅಗ್ಗದ, ಇಷ್ಟು ನೇರವಾದ ಪ್ರಯೋಗ ಇನ್ನೊಂದನ್ನು ನಾನು ಕಂಡಿಲ್ಲ.

ಆ ಅಂಗಾಂಶದ ಚೂರಿನಲ್ಲಿದ್ದ ಮಾತಿನ ಮುಖ್ಯ ಭಾಗ ಎಫ್‌ಜಿಎಫ್10 ಎಂಬ ಪ್ರೋಟೀನ್ ಎಂದು 1990ರ ದಶಕದ ಕೊನೆಗೆ ಸ್ಪಷ್ಟವಾಯಿತು. ಅದಿಲ್ಲದ ಇಲಿ ಮರಿಗಳಲ್ಲಿ ಶ್ವಾಸನಾಳ ಮೂಡಿ ಅಲ್ಲಿಗೇ ಕುರುಡಾಗಿ ನಿಂತಿತು, ಕೆಳಗೆ ಶ್ವಾಸಕೋಶವಿಲ್ಲ. ಜೊತೆಗೆ ಕಾಲುಗಳೂ ಇರಲಿಲ್ಲ, ಏಕೆಂದರೆ ಕಾಲಿನ ಮೊಗ್ಗಿಗೂ ಅದೇ ಸಂಕೇತ ಬೇಕು. ಹಣ್ಣಿನ ನೊಣಕ್ಕೆ ಶ್ವಾಸಕೋಶವೇ ಇಲ್ಲ, ಮೈಯೊಳಗೆ ಹರಡಿದ ಗಾಳಿಕೊಳವೆಗಳಷ್ಟೇ. ಅಲ್ಲೂ ಕವಲೊಡೆಸುವುದು ಇದೇ ಕುಟುಂಬದ ಪ್ರೋಟೀನ್. ಅದಿಲ್ಲದ ನೊಣದಲ್ಲಿ ಕವಲೇ ಬರುವುದಿಲ್ಲವಾದ್ದರಿಂದ ಆ ಜೀನಿಗೆ 'ಬ್ರಾಂಚ್‌ಲೆಸ್' ಎಂದೇ ಹೆಸರು. ಈ ಕ್ಷೇತ್ರದವರ ನಾಮಕರಣದ ಹುಚ್ಚಾಟ ಇದೊಂದೇ ಅಲ್ಲ. ಮುಂದೆ ಬರುವ ಸಾನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನಿಗೆ ಇಟ್ಟಿದ್ದು ಮಕ್ಕಳ ವಿಡಿಯೊ ಗೇಮಿನ ಮುಳ್ಳುಹಂದಿಯ ಹೆಸರು.

ಕವಲೊಡೆಯುವ ತಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೊರಗಿನ ಅಂಗಾಂಶದ ಒಂದು ಜಾಗ ಎಫ್‌ಜಿಎಫ್10 ಸೂಸುತ್ತದೆ. ಒಳಹಾಸಿನ ಮೊಗ್ಗು ಅದರತ್ತ ಬೆಳೆಯುತ್ತದೆ. ಹತ್ತಿರವಾದಂತೆ ಮೊಗ್ಗಿನ ತುದಿಯೇ ಸಾನಿಕ್ ಹೆಡ್ಜ್‌ಹಾಗ್ ಅನ್ನು ಹೊರಬಿಟ್ಟು, ಕರೆಯುತ್ತಿದ್ದ ಆ ಅಂಗಾಂಶಕ್ಕೆ ಇನ್ನು ಸಾಕು ಎನ್ನುತ್ತದೆ. ಎದುರಿನ ಕರೆ ಅಡಗುತ್ತದೆ, ಎಡಬಲದಲ್ಲಿ ಉಳಿಯುತ್ತದೆ. ಆಗ ಮೊಗ್ಗು ಎರಡಾಗಿ ಸೀಳಿ ಎರಡು ಕಡೆಗೂ ಹೊರಡುತ್ತದೆ. ಸಾನಿಕ್ ಹೆಡ್ಜ್‌ಹಾಗ್ ಇಲ್ಲದ ಇಲಿಗಳಲ್ಲಿ ಈ ಕರೆ ಎಲ್ಲೆಡೆ ಹರಡಿ ಹೋಗಿ ಶ್ವಾಸಕೋಶ ಕವಲಿಲ್ಲದ ಚೀಲದಂತಾಗುತ್ತದೆ. ಎಲ್ಲ ದಿಕ್ಕಿನಿಂದಲೂ ಕರೆದರೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ಇಲಿಯ ಶ್ವಾಸಕೋಶದ ಸಾವಿರಾರು ಕವಲುಗಳ ನಕ್ಷೆ ಬಿಡಿಸಿದ ಸ್ಟ್ಯಾನ್‌ಫರ್ಡಿನ ಮಾರ್ಕ್ ಕ್ರಾಸ್ನೊ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದಂತೆ, ಇಡೀ ಮರ ಮೂರೇ ಬಗೆಯ ಕವಲೊಡೆತದಿಂದ ಕಟ್ಟಿದ್ದು.

ಕವಲೊಡೆಯುವಾಗಲೇ ವಿಧಿಯ ಹಂಚಿಕೆಯೂ ನಡೆಯುತ್ತದೆ. ತುದಿಯಲ್ಲಿರುವ ಜೀವಕೋಶಗಳು ಸಾಕ್ಸ್9 ಎಂಬ ಜೀನನ್ನು ಹೊತ್ತಿಸಿಕೊಂಡು ಬೆಳೆಯುತ್ತ ಹೋಗುತ್ತವೆ. ಸಂಕೇತದ ಮೂಲದಿಂದ ಹಿಂದೆ ಬಿದ್ದವು ಸಾಕ್ಸ್2 ಹಿಡಿದು ಗಾಳಿನಾಳದ ಒಳಹಾಸಾಗುತ್ತವೆ. ಮೊದಲು ಅನ್ನನಾಳದತ್ತ ಎಳೆಯುತ್ತಿದ್ದ ಸಾಕ್ಸ್2 ಈಗ ಉಸಿರಿನ ನಾಳ ಕಟ್ಟಲು ಬೇಕಾಯಿತು. ಇಲಿಯಲ್ಲಿ ತುದಿಯ ಜೀವಕೋಶಕ್ಕೆ ಸಾಕ್ಸ್9 ಮಾತ್ರ ಇದ್ದರೆ ಮನುಷ್ಯನಲ್ಲಿ ಮೊದಲ ತಿಂಗಳುಗಳ ತುದಿಗೆ ಎರಡೂ ಒಟ್ಟಿಗೆ ಇರುತ್ತವೆ. ಕೇಂಬ್ರಿಜ್‌ನ ಎಮ್ಮಾ ರಾಲಿನ್ಸ್ ಅವರ ತಂಡ ಇದನ್ನು 2017ರಲ್ಲಿ ವರದಿ ಮಾಡಿತು. ಇಲ್ಲಿ ಹೇಳುತ್ತಿರುವುದರಲ್ಲಿ ಬಹುಪಾಲು ಇಲಿಯಿಂದ ಕಲಿತದ್ದು ಎಂಬುದನ್ನು ಓದುಗರು ಮನಸ್ಸಿನಲ್ಲಿಡಬೇಕು.

ಗಾಳಿನಾಳದ ಒಳಗೆ ಕೆಲವು ಜೀವಕೋಶ ಲೋಳೆ ಮುಂತಾದುವನ್ನು ಸ್ರವಿಸಬೇಕು, ಕೆಲವು ಸಣ್ಣ ರೋಮಗಳಿಂದ ಅದನ್ನು ಮೇಲಕ್ಕೆ ತಳ್ಳಬೇಕು. ಇಲ್ಲಿ ದೂರದ ಸಂಕೇತ ಸಾಲದು. ನಾಚ್ ಎಂಬ ಗ್ರಾಹಕದ ಮೂಲಕ ಪಕ್ಕಪಕ್ಕದ ಜೀವಕೋಶಗಳು ಮೈತಾಗಿಯೇ ಮಾತನಾಡುತ್ತವೆ. ನಾಚ್ ಸಂಕೇತ ಜೋರಾಗಿ ತಟ್ಟಿದ್ದು ಸ್ರವಿಸುವ ಜೀವಕೋಶವಾಗುತ್ತದೆ, ತಟ್ಟದೇ ಉಳಿದದ್ದು ರೋಮದ ಜೀವಕೋಶ.

ಕೊನೆಯ ಹಂತ ಗಾಳಿಗೂಡು. ವಯಸ್ಕರ ಎರಡೂ ಶ್ವಾಸಕೋಶ ಸೇರಿ ಸರಾಸರಿ 48 ಕೋಟಿ ಗಾಳಿಗೂಡುಗಳಿವೆ. ಅವುಗಳ ಒಳಗೋಡೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಜೀವಕೋಶ. ಒಂದು ದೋಸೆಯಂತೆ ತೆಳ್ಳಗೆ ಹರಡಿಕೊಂಡು ಗೋಡೆಯ ಸುಮಾರು 95 ಪ್ರತಿಶತವನ್ನು ಮುಚ್ಚುತ್ತದೆ; ಆಮ್ಲಜನಕ ರಕ್ತಕ್ಕೆ ದಾಟುವುದು ಅದರ ಮೂಲಕ. ಇನ್ನೊಂದು ಗುಂಡಗೆ ಮೂಲೆಯಲ್ಲಿ ಕುಳಿತು ಸರ್ಫ್ಯಾಕ್ಟಂಟ್ ಸುರಿಸುತ್ತದೆ. ಅದಿಲ್ಲದಿದ್ದರೆ ಉಸಿರು ಬಿಟ್ಟಾಗಲೆಲ್ಲ ಒದ್ದೆಯಾದ ಗೂಡು ಮುದುಡಿ ಅಂಟಿಕೊಳ್ಳುತ್ತದೆ. ತುದಿಯ ಜೀವಕೋಶ ಇವೆರಡರಲ್ಲಿ ಯಾವುದಾಗಬೇಕು ಎಂಬ ತೀರ್ಮಾನದಲ್ಲಿ ರಾಸಾಯನಿಕ ಸಂಕೇತದ ಜೊತೆ ಇನ್ನೊಂದು ಸಂಕೇತ ಸೇರಿಕೊಳ್ಳುತ್ತದೆ: ಎಳೆತ.

ಗರ್ಭದೊಳಗಿನ ಮಗುವಿನ ಶ್ವಾಸಕೋಶದಲ್ಲಿ ಗಾಳಿಯಿಲ್ಲ, ಶ್ವಾಸಕೋಶವೇ ಸ್ರವಿಸಿದ ದ್ರವವಿದೆ. ಮಗು ಆ ದ್ರವದೊಂದಿಗೆ ಉಸಿರಾಟದ ಕಸರತ್ತು ಮಾಡುತ್ತಿರುತ್ತದೆ. ಅದರ ಒತ್ತಡಕ್ಕೆ ಸಿಕ್ಕಿ ಹಿಗ್ಗಿದ ಜೀವಕೋಶಗಳಲ್ಲಿ ಯಾಪ್ ಎಂಬ ಪ್ರೋಟೀನ್ ಕೇಂದ್ರಕದೊಳಗೆ ನುಗ್ಗಿ ಚಪ್ಪಟೆಯಾಗುವ ಜೀನುಗಳನ್ನು ನಡೆಸುತ್ತದೆ. ಎಳೆತ ತಪ್ಪಿಸಿಕೊಂಡವು ಗುಂಡಗೆ ಉಳಿದು ಸರ್ಫ್ಯಾಕ್ಟಂಟ್ ಕಡೆ ಹೋಗುತ್ತವೆ. ಗರ್ಭದ ನೀರು ಬಹಳ ಬೇಗ ಸೋರಿಹೋದ ಮಕ್ಕಳ ಶ್ವಾಸಕೋಶ ಚಿಕ್ಕದಾಗಿ ಉಳಿಯುವುದಕ್ಕೂ ಇದಕ್ಕೂ ಸಂಬಂಧವಿದೆ.

ಇದನ್ನೇ ಚಿಕಿತ್ಸೆಯಾಗಿಸಿದ ಪ್ರಯತ್ನವೊಂದು ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಯಾನ್ ದೆಪ್ರೆಸ್ಟ್ ಅವರ ಮುಂದಾಳತ್ವದಲ್ಲಿ ನಡೆಯಿತು. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯಲ್ಲಿ ತೂತಿದ್ದು ಕರುಳು ಎದೆಗೂಡಿಗೆ ನುಗ್ಗಿದ ಭ್ರೂಣಗಳಲ್ಲಿ ಶ್ವಾಸಕೋಶಕ್ಕೆ ಬೆಳೆಯಲು ಜಾಗವಿರುವುದಿಲ್ಲ. 27ರಿಂದ 29ನೆಯ ವಾರದಲ್ಲಿ ತಾಯಿಯ ಗರ್ಭದೊಳಗೆ ಸಣ್ಣ ದರ್ಶಕ ಇಳಿಸಿ ಮಗುವಿನ ಶ್ವಾಸನಾಳಕ್ಕೆ ಪುಟ್ಟ ಬಲೂನು ಇಡುತ್ತಾರೆ. ದ್ರವ ಹೊರಹೋಗಲಾರದೆ ತುಂಬಿಕೊಳ್ಳುತ್ತದೆ, ಶ್ವಾಸಕೋಶ ಹಿಗ್ಗುತ್ತದೆ. 34ನೆಯ ವಾರಕ್ಕೆ ಬಲೂನು ತೆಗೆಯುತ್ತಾರೆ. 2021ರ ಫಲಿತಾಂಶದಲ್ಲಿ ತೀವ್ರ ತೊಂದರೆಯಿದ್ದ ಮಕ್ಕಳ ಪೈಕಿ ಬಲೂನು ಇಟ್ಟವರಲ್ಲಿ 40 ಪ್ರತಿಶತ ಬದುಕಿ ಮನೆಗೆ ಹೋದರು, ಇಡದವರಲ್ಲಿ 15 ಪ್ರತಿಶತ. ಅವಧಿಪೂರ್ವ ಹೆರಿಗೆ ಮಾತ್ರ ಹೆಚ್ಚಾಯಿತು. ತೆಗೆಯದೆ ಹೆಚ್ಚು ದಿನ ಬಿಟ್ಟರೇನು? ಕುರಿಮರಿಗಳಲ್ಲಿ ಹಾಗೆ ಬಿಟ್ಟು ನೋಡಿದ್ದಾರೆ. ಶ್ವಾಸಕೋಶ ದೊಡ್ಡದಾಯಿತು, ಸರ್ಫ್ಯಾಕ್ಟಂಟ್ ಜೀವಕೋಶಗಳು ಕರಗಿಹೋದವು. ಎಳೆತ ಒಂದೇ ಮಾತನ್ನು ಆಡುತ್ತಲೇ ಹೋದರೆ ಎಲ್ಲವೂ ಚಪ್ಪಟೆಯಾಗುತ್ತವೆ. ಬಲೂನು ತೆಗೆಯುವ ದಿನ ಇಡುವ ದಿನದಷ್ಟೇ ಮುಖ್ಯ. ಬಿತ್ತನೆಗೆ ಬಿದ್ದ ಹದಮಳೆಯೇ ತೆನೆ ಒಣಗುವಾಗ ಬಿದ್ದರೆ ರೈತ ಏನೆನ್ನುತ್ತಾನೆ ಎಂದು ನಮಗೆ ಗೊತ್ತಿದೆ.

ಈಗ ಸ್ಟೀರಾಯ್ಡಿಗೆ ಮರಳೋಣ. ಅವಧಿಗೆ ಮುನ್ನ ಹುಟ್ಟಿ ಉಸಿರುಗಟ್ಟಿ ಸಾಯುವ ಮಕ್ಕಳಲ್ಲಿ ಸರ್ಫ್ಯಾಕ್ಟಂಟ್ ಕೊರತೆಯಿದೆ ಎಂದು ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ 1959ರಲ್ಲಿ ತೋರಿಸಿದ್ದರು. ತಿಳಿವಳಿಕೆ ಬಂದರೂ ಮದ್ದಿರಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲು ಹುಟ್ಟಿ 39 ಗಂಟೆ ಬದುಕಿದ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಹುಡುಕುತ್ತಿದ್ದುದು ಬೇರೆಯೇ ವಿಷಯ: ಹೆರಿಗೆ ಶುರುವಾಗುವುದು ಹೇಗೆ? ಕುರಿಯ ಭ್ರೂಣಕ್ಕೆ ಹಾರ್ಮೋನು ಹರಿಸುತ್ತಿದ್ದರು. ಬದುಕಲಾರದಷ್ಟು ಬೇಗ ಹುಟ್ಟಿದ ಒಂದು ಮರಿ ಉಸಿರಾಡಿತು. ಸತ್ತ ಮೇಲೆ ತೆರೆದು ನೋಡಿದರೆ ಶ್ವಾಸಕೋಶದಲ್ಲಿ ಗಾಳಿಯಿತ್ತು. ರಾಸ್ ಹೋವಿ ಜೊತೆ ಸೇರಿ 282 ತಾಯಂದಿರ ಮೇಲೆ ಮಾಡಿದ ಪ್ರಯೋಗವನ್ನು 1972ರಲ್ಲಿ ಪ್ರಕಟಿಸಿದರು. ಎಲ್ಲ ಕಡೆ ಇದು ರೂಢಿಗೆ ಬರಲು ಮತ್ತೆ ಎರಡು ದಶಕ ಹಿಡಿಯಿತು.

ಈ ಮದ್ದಿನ ಇನ್ನೊಂದು ಮುಖ ಬಯಲಾದದ್ದರಲ್ಲಿ ಬೆಳಗಾವಿಗೂ ಪಾಲಿದೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಭಾಗವಹಿಸಿದ ಆರು ದೇಶಗಳ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹಳ್ಳಿಗಳ ಮಟ್ಟದಲ್ಲಿ ಸ್ಟೀರಾಯ್ಡ್ ಬಳಕೆ ಹೆಚ್ಚಿಸಿದರೆ ಶಿಶುಮರಣ ಇಳಿಯಬಹುದು ಎಂಬ ನಿರೀಕ್ಷೆ. ಆದದ್ದು ಬೇರೆ: ಅತಿ ಸಣ್ಣ ಮಕ್ಕಳಲ್ಲಿ ಮರಣ ಇಳಿಯಲಿಲ್ಲ, ಒಟ್ಟಾರೆ ನವಜಾತ ಶಿಶುಮರಣ ಸ್ವಲ್ಪ ಏರಿತು. ಮದ್ದು ಪಡೆದವರಲ್ಲಿ ಹೆಚ್ಚಿನವರಿಗೆ ಹುಟ್ಟಿದ್ದು ಅಷ್ಟು ಸಣ್ಣ ಮಗುವಾಗಿರಲಿಲ್ಲ. ಕೇಳಬೇಕಾಗಿಲ್ಲದ ಶ್ವಾಸಕೋಶಕ್ಕೆ ಸಂಕೇತ ಹೋಗಿತ್ತು. ಐದು ವರ್ಷಗಳ ನಂತರ, 2020ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಇನ್ನೊಂದು ಅಧ್ಯಯನ ಬಂತು, ಅದರಲ್ಲೂ ಬೆಳಗಾವಿಯಿತ್ತು. ಈ ಸಲ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗಿನಿಂದ ವಾರದ ಲೆಕ್ಕ ಖಚಿತಪಡಿಸಿಕೊಂಡು, 34 ವಾರ ತುಂಬದ 2852 ತಾಯಂದಿರನ್ನು ಸೇರಿಸಿಕೊಂಡರು. ನವಜಾತ ಶಿಶುಗಳ ಮರಣ 23.5 ಪ್ರತಿಶತದಿಂದ 19.6ಕ್ಕೆ ಇಳಿಯಿತು. ಲಾಭ ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಮದ್ದು ಅದೇ ಡೆಕ್ಸಾಮೆಥಸೋನ್. ಬದಲಾದದ್ದು ಕೊಟ್ಟ ವಾರ, ಮತ್ತು ಹುಟ್ಟಿದ ಮಗುವನ್ನು ನೋಡಿಕೊಳ್ಳಲು ಸುತ್ತಲಿದ್ದ ವ್ಯವಸ್ಥೆ. ಮಾರ್ಗಸೂಚಿಯ ಚರ್ಚೆಯಲ್ಲಿ ಡೋಸಿಗೆ ಸಿಗುವ ಗಮನ ಗರ್ಭದ ವಾರವನ್ನು ಸರಿಯಾಗಿ ಗೊತ್ತುಮಾಡುವ ಮೊದಲ ತ್ರೈಮಾಸಿಕದ ಸ್ಕ್ಯಾನಿಂಗಿಗೆ ಸಿಗುವುದಿಲ್ಲ ಎಂಬುದು ನನ್ನ ತಕರಾರು.

ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಹಿರಿಯರ ಮಾತು ಶ್ವಾಸಕೋಶದ ಲೆಕ್ಕದಲ್ಲಿ ತಿರುಗುಮುರುಗು. ಒಂದೊಂದು ವಾರವೂ ಅಲ್ಲಿ ಗಳಿಕೆಯೇ. ಸ್ಟೀರಾಯ್ಡ್ ಆ ವಾರಗಳನ್ನು ಸೃಷ್ಟಿಸುವುದಿಲ್ಲ. ಹುಟ್ಟಿದ ಮೊದಲೆರಡು ವಾರ ಡೆಕ್ಸಾಮೆಥಸೋನ್ ಪಡೆದ ಇಲಿ ಮರಿಗಳಲ್ಲಿ ಗಾಳಿಗೂಡುಗಳು ದೊಡ್ಡವಾದವು, ಸಂಖ್ಯೆ ಕಡಿಮೆಯಾಯಿತು. ಗೂಡುಗಳನ್ನು ವಿಂಗಡಿಸುವ ಗೋಡೆ ಏಳಬೇಕಿದ್ದ ಹೊತ್ತಿಗೆ 'ಬಲಿತದ್ದು ಸಾಕು' ಎಂಬ ಸುದ್ದಿ ತಲುಪಿಬಿಟ್ಟಿತ್ತು.

ಸಂಕೇತದ ಮೂಲ ಊಟದ ತಟ್ಟೆಯವರೆಗೂ ಹೋಗುತ್ತದೆ. ಶ್ವಾಸಕೋಶದ ಮೊಗ್ಗು ಮೂಡುವ ಜಾಗದಲ್ಲಿ ಎಫ್‌ಜಿಎಫ್10 ಹೊರಡಬೇಕಾದರೆ ಅದಕ್ಕೂ ಮೊದಲು ಎ ಜೀವಸತ್ವದಿಂದ ತಯಾರಾಗುವ ರೆಟಿನೊಯಿಕ್ ಆಮ್ಲ ಬೇಕು. ನೇಪಾಳದಲ್ಲಿ ಗರ್ಭಕ್ಕೆ ಮೊದಲಿನಿಂದ ಹಾಲೂಡಿಸುವವರೆಗೆ ವಾರಕ್ಕೊಮ್ಮೆ ಎ ಜೀವಸತ್ವ ಪಡೆದಿದ್ದ ತಾಯಂದಿರ ಮಕ್ಕಳನ್ನು 9ರಿಂದ 13ನೆಯ ವಯಸ್ಸಿನಲ್ಲಿ ಊದಿಸಿ ನೋಡಿದರು. ಒಂದು ಸೆಕೆಂಡಿನಲ್ಲಿ ಹೊರಬಿಡುವ ಗಾಳಿ ಉಳಿದ ಮಕ್ಕಳಿಗಿಂತ ಸರಾಸರಿ 46 ಮಿಲಿಲೀಟರ್ ಹೆಚ್ಚಿತ್ತು. ಆ ಸೀಮೆಯಲ್ಲಿ ಎ ಜೀವಸತ್ವದ ಕೊರತೆ ವ್ಯಾಪಕವಾಗಿತ್ತು. ಕೊರತೆಯಿಲ್ಲದವರು ಮಾತ್ರೆ ನುಂಗಿದರೆ ಇದೇ ಫಲ ಬರುತ್ತದೆಂದಲ್ಲ. ಗರ್ಭಿಣಿಗೆ ಅತಿಯಾದ ಎ ಜೀವಸತ್ವ ಭ್ರೂಣಕ್ಕೆ ಹಾನಿಕರವೂ ಹೌದು.

ಹುಟ್ಟಿದ ಮೇಲೆ ಈ ಮಾತುಕತೆ ಮುಗಿಯುವುದಿಲ್ಲ. ದೊಡ್ಡವರ ಶ್ವಾಸಕೋಶಕ್ಕೆ ಗಾಯವಾದಾಗ ಗುಂಡಗಿನ ಸರ್ಫ್ಯಾಕ್ಟಂಟ್ ಜೀವಕೋಶಗಳೇ ಹೆಚ್ಚಿ, ಕೆಲವು ಚಪ್ಪಟೆಯಾಗಿ ಗೋಡೆಯನ್ನು ತೇಪೆ ಹಾಕುತ್ತವೆ. ಅವುಗಳ ಪಕ್ಕ ಕುಳಿತು ವಿಂಟ್ ಸಂಕೇತ ಕೊಟ್ಟು ಅವನ್ನು ಹಾಗೇ ಕಾಯ್ದಿಡುವ ಜೀವಕೋಶಗಳೂ ಇವೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಪುರುಷೋತ್ತಮ ರಾವ್ ಟಾಟಾ ಅವರ ತಂಡವೂ ಇನ್ನಿತರರೂ ಗುಂಡಗಿನ ಮತ್ತು ಚಪ್ಪಟೆ ಜೀವಕೋಶಗಳ ನಡುವಿನ ಒಂದು ಸ್ಥಿತಿಯನ್ನು ಗುರುತಿಸಿದರು. ಸಾಮಾನ್ಯವಾಗಿ ಜೀವಕೋಶ ಕೆಲವು ದಿನಗಳಲ್ಲಿ ಇದನ್ನು ದಾಟಿ ಹೋಗುತ್ತದೆ. ಶ್ವಾಸಕೋಶ ನಾರುಗಟ್ಟುವ ಕಾಯಿಲೆಯಲ್ಲಿ ಇಂಥವೇ ಗುಂಪುಗಟ್ಟಿ ನಿಂತಿರುತ್ತವೆ, ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನಮ್ಮ ನಗರಗಳಲ್ಲಿ ಶ್ವಾಸಕೋಶದ ಕಾಯಿಲೆಗೆ ಕಾಂಡಕೋಶ (ಸ್ಟೆಮ್ ಸೆಲ್) ಚುಚ್ಚುತ್ತೇವೆ ಎಂದು ಜಾಹೀರಾತು ಕೊಡುವವರಿದ್ದಾರೆ. ರಕ್ತನಾಳಕ್ಕೆ ಬಿಟ್ಟ ಜೀವಕೋಶಕ್ಕೆ ಅಲ್ಲಿ ಯಾವ ನೆರೆ, ಯಾವ ಎಳೆತ, ಯಾವ ಹೊತ್ತು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ರಕ್ತದ ಕಾಯಿಲೆಗಳ ಕಾಂಡಕೋಶ ಕಸಿಯನ್ನು ಬಿಟ್ಟು ಬೇರೆಯದನ್ನು ಪ್ರಯೋಗದ ಹೊರಗೆ ಚಿಕಿತ್ಸೆಯೆಂದು ಮಾರುವುದನ್ನು ಒಪ್ಪುವುದಿಲ್ಲ.

ಬಾಸ್ಟನ್ ವಿಶ್ವವಿದ್ಯಾಲಯದ ಡ್ಯಾರೆಲ್ ಕಾಟನ್ ಅವರ ಪ್ರಯೋಗಾಲಯ ಬೇರೆ ದಾರಿ ಹಿಡಿಯಿತು. ಚರ್ಮ ಅಥವಾ ರಕ್ತದಿಂದ ತೆಗೆದ ಜೀವಕೋಶವನ್ನು ಎಳೆಯ ಸ್ಥಿತಿಗೆ ಹಿಂದಿರುಗಿಸಿ, ಬಟ್ಟಲಿನಲ್ಲಿ ಭ್ರೂಣದ ಮಾತುಕತೆಯನ್ನು ಕ್ರಮವಾಗಿ ಮರುನುಡಿಸಿದರು. ಮೊದಲು ಕೊಳವೆಯ ಗೋಡೆ, ಆಮೇಲೆ ವಿಂಟ್ ಮತ್ತು ಬಿಎಂಪಿ4, ಎನ್‌ಕೆಎಕ್ಸ್2-1 ಹೊತ್ತಿಕೊಂಡವನ್ನು ಆರಿಸಿ ತೆಗೆಯುವುದು, ನಂತರ ಎಫ್‌ಜಿಎಫ್ ಕುಟುಂಬದ ಪ್ರೋಟೀನ್. ಅದರ ಜೊತೆ ಬಟ್ಟಲಿಗೆ ಬೀಳುವ ಹನಿಗಳಲ್ಲಿ ಹೆರಿಗೆ ವಾರ್ಡಿನ ಡೆಕ್ಸಾಮೆಥಸೋನ್ ಕೂಡ ಒಂದು. 2017ರಲ್ಲಿ ಪ್ರಕಟವಾದ ಆ ವಿಧಾನದಲ್ಲಿ ಒಂದು ಘಟ್ಟದಲ್ಲಿ ವಿಂಟ್ ಸಂಕೇತವನ್ನು ಕೆಲವು ದಿನ ತೆಗೆದುಬಿಡುತ್ತಾರೆ. ಆಗ ಸರ್ಫ್ಯಾಕ್ಟಂಟ್ ತಯಾರಿಸುವ ಜೀವಕೋಶಗಳ ಪಾಲು ಏರುತ್ತದೆ. ಮತ್ತೆ ಹಾಕುತ್ತಾರೆ, ಆಗ ಅವು ಹೆಚ್ಚತೊಡಗುತ್ತವೆ. ನಾಲ್ಕನೆಯ ವಾರದಲ್ಲಿ ಶ್ವಾಸಕೋಶವನ್ನು ಹುಟ್ಟಿಸಿದ ಅದೇ ವಿಂಟ್.